ಸೊಟ್ಟ ಪಾದವನ್ನು ತಿದ್ದಿದ ಕೈಗಳು

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಸುತ್ತಲಿನ ಕಾರ್ಮಿಕರ ಕೇರಿಗಳಿಗೆ ಮನೆಭೇಟಿಗೆ ಹೋದವರಿಗೆ, ತೊಡೆಯವರೆಗೆ ಪ್ಲಾಸ್ಟರು ಹಾಕಿಸಿಕೊಂಡ ಎಳೆಗೂಸು ಕಾಣಸಿಗಬಹುದು. ಅದು ಬಿದ್ದು ಮೂಳೆ ಮುರಿದುಕೊಂಡ ಕೂಸಲ್ಲ. ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು ಒಂದಕ್ಕೆ ಪಾದ ಒಳಕ್ಕೂ ಕೆಳಕ್ಕೂ ತಿರುಚಿಕೊಂಡಿರುತ್ತದೆ. ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದದ್ದೇ ಕಾರಣವೆನ್ನುವವರು ಇಂದಿಗೂ ಉಂಟು. ಪಾಪ, ಆ ತಾಯಿಯದೇನೂ ತಪ್ಪಿಲ್ಲ.

ಇದನ್ನು ಕೈಯಿಂದಲೇ ತಿದ್ದಬಹುದೆಂಬ ಅರಿವು ಹಳೆಯದು. ಗ್ರೀಸಿನ ಹಿಪ್ಪೊಕ್ರೆಟಿಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥಗಳಲ್ಲಿ, ಎಳೆಯ ಪಾದವನ್ನು ಮೆಲ್ಲನೆ ಒತ್ತಿ ಬಟ್ಟೆಯಿಂದ ಬಿಗಿದು ಕಟ್ಟುವ ಕ್ರಮ ವಿವರಿಸಲ್ಪಟ್ಟಿದೆ. 19ನೆಯ ಶತಮಾನದಲ್ಲಿ ಅರಿವಳಿಕೆ ಬಂದ ಮೇಲೆ ಶಸ್ತ್ರ ಮುಂದಾಯಿತು, ಕೈ ಹಿಂದಾಯಿತು.

ಕೈಗೆ ಮತ್ತೆ ಗೌರವ ತಂದವರು ಡಾ. ಇಗ್ನಾಸಿಯೊ ಪೊನ್ಸೆಟಿ. 1914ರಲ್ಲಿ ಸ್ಪೇನಿನ ಮಿನೋರ್ಕಾ ದ್ವೀಪದಲ್ಲಿ, ಗಡಿಯಾರ ರಿಪೇರಿಯವರ ಮಗನಾಗಿ ಜನಿಸಿದರು. ಅಂತರ್ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ, 1939ರಲ್ಲಿ ದೇಶಭ್ರಷ್ಟರಾಗಿ, ಮೆಕ್ಸಿಕೊ ಮಾರ್ಗವಾಗಿ ಅಮೆರಿಕದ ಅಯೋವಾ ಸೇರಿದರು. ಶಸ್ತ್ರಚಿಕಿತ್ಸೆಯಾದ ಪಾದಗಳು ವರ್ಷಗಳ ನಂತರ ಬಿಗಿದುಕೊಂಡು ನೋಯುವುದನ್ನು ಅಲ್ಲಿ ಕಂಡರು. ಅವರ ಕ್ರಮ ಸರಳ: ವಾರಕ್ಕೊಮ್ಮೆ ಪಾದವನ್ನು ನವಿರಾಗಿ ನೀವಿ, ತಿದ್ದಿದಷ್ಟನ್ನು ಪ್ಲಾಸ್ಟರಿನಲ್ಲಿ ಹಿಡಿದಿಡುವುದು. ಐದಾರು ಪ್ಲಾಸ್ಟರುಗಳಲ್ಲಿ ಎಲುಬುಗಳು ತಮ್ಮ ಸ್ಥಾನಕ್ಕೆ ಬರುತ್ತವೆ. ಅನಂತರವೇ ಶಸ್ತ್ರ; ಅದೂ ಬಹುತೇಕ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವನ್ನು ಬಿಡಿಸುವ ಒಂದು ಸಣ್ಣ ಗಾಯವಷ್ಟೇ. 1963ರಲ್ಲೇ ಫಲಿತಾಂಶ ಪ್ರಕಟಿಸಿದರೂ ವೈದ್ಯಲೋಕ ಕಿವಿಗೊಡಲಿಲ್ಲ. ಮೂರು ದಶಕಗಳಾಚೆಯ ಫಲಿತಾಂಶ 1995ರಲ್ಲಿ ಹೊರಬಂದಿತು. ಇಂಟರ್ನೆಟ್ಟಿನಲ್ಲಿ ಹುಡುಕಾಡಿದ ತಂದೆತಾಯಂದಿರು ಅದನ್ನು ಹರಡಿದರು. 2009ರಲ್ಲಿ ತೀರಿಕೊಳ್ಳುವ ಮೊದಲು ಪೊನ್ಸೆಟಿಯವರು ತಮ್ಮ ಕ್ರಮ ಲೋಕಮಾನ್ಯವಾದುದನ್ನು ಕಂಡರು. ನಮ್ಮಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲೂ ಈ ನ್ಯೂನತೆ ಸೇರಿದೆ.

ವೈದ್ಯರ ಚರಿತ್ರೆ ಇಷ್ಟು. ತಾಯಂದಿರ ಚರಿತ್ರೆಯನ್ನು ಬರೆದವರು ಕಡಿಮೆ. ದಿನಗೂಲಿಯವಳಿಗೆ ವಾರಕ್ಕೊಂದು ಪ್ಲಾಸ್ಟರೆಂದರೆ ವಾರಕ್ಕೊಂದು ದಿನದ ಕೂಲಿ. ಮೇಸ್ತ್ರಿ ಎಷ್ಟು ವಾರ ಸುಮ್ಮನಿದ್ದಾನು? ಹಬ್ಬಕ್ಕೆ ಊರಿಗೆ ಹೋದರೆ ಎರಡು ಸರದಿ ತಪ್ಪುತ್ತವೆ. ಪ್ಲಾಸ್ಟರು ಬಿಚ್ಚಿದ ಮೇಲೆ ಸರಳಿಗೆ ಜೋಡಿಸಿದ ಬೂಟನ್ನು ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕು ವರ್ಷ ತುಂಬುವವರೆಗೆ ನಿದ್ದೆಯ ಹೊತ್ತಿನಲ್ಲಿ ಹಾಕಬೇಕು. ಮಗು ಅಳುತ್ತದೆ, ತಗಡಿನ ಶೆಡ್ಡಿನಲ್ಲಿ ಪಕ್ಕದವರಿಗೂ ನಿದ್ದೆಯಿಲ್ಲ. ಪಾದ ನೆಟ್ಟಗೆ ಕಾಣುತ್ತಿದೆಯಲ್ಲ ಎಂದು ಬೂಟು ಮೂಲೆ ಸೇರುತ್ತದೆ. ಸೊಟ್ಟು ಮರಳಿ ಬರುವುದು ಹೆಚ್ಚಾಗಿ ಹೀಗೆಯೇ.