ಎಳೆತನದ ಒತ್ತಡ ಹಾರ್ಮೋನುಗಳು

ಗರ್ಭಾವಸ್ಥೆಯಲ್ಲೂ ಶೈಶವದಲ್ಲೂ ಮಿದುಳು ಮತ್ತು ರೋಗನಿರೋಧಕ ವ್ಯವಸ್ಥೆಯ ಬೆಳವಣಿಗೆಯನ್ನು ಪ್ರಭಾವಿಸುವ ಒತ್ತಡ ಹಾರ್ಮೋನುಗಳಲ್ಲಿ ಮುಖ್ಯವಾದುದು ಕಾರ್ಟಿಸಾಲ್. ಹೈಪೊಥಲಾಮಸ್ ಮತ್ತು ಪಿಟ್ಯುಟರಿಯ ಸೂಚನೆಯಂತೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಇದನ್ನು ಸ್ರವಿಸುತ್ತದೆ. ಕಾರ್ಟಿಸಾಲನ್ನು ವಿಷವೆಂದು ಬಗೆಯುವುದು ತಪ್ಪು. ಭ್ರೂಣದ ಶ್ವಾಸಕೋಶ ಬಲಿಯಲು ಅದು ಬೇಕೇ ಬೇಕು. ತಾಯಿಯ ಕಾರ್ಟಿಸಾಲ್‌ನ ಬಹುಪಾಲನ್ನು ಮಾಸಿನಲ್ಲಿರುವ ಕಿಣ್ವವೊಂದು ನಿಷ್ಕ್ರಿಯಗೊಳಿಸಿ ಕೂಸನ್ನು ಕಾಯುತ್ತದೆ.

ತೊಡಕು ಬರುವುದು ಒತ್ತಡ ತೀವ್ರವಾಗಿ, ಬಹುಕಾಲ ಉಳಿದಾಗ. ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್‌ನಲ್ಲಿ ಕಾರ್ಟಿಸಾಲ್ ಗ್ರಾಹಕಗಳು ದಟ್ಟವಾಗಿವೆ. ಒತ್ತಡದ ಪ್ರತಿಕ್ರಿಯೆಯನ್ನು ತಗ್ಗಿಸುವ ಕೆಲಸವೂ ಅದರದೇ. ಹಾಗಾಗಿ ಅಲ್ಲಿನ ಏರುಪೇರು ಮುಂದಿನ ಒತ್ತಡಗಳನ್ನೂ ಹೆಚ್ಚಿಸಬಲ್ಲದು. ಅತಿಯಾದ ಕಾರ್ಟಿಸಾಲ್ ರೋಗನಿರೋಧಕ ವ್ಯವಸ್ಥೆಯ ಭಾಗವಾದ ಥೈಮಸ್ ಗ್ರಂಥಿಯನ್ನು ಕುಗ್ಗಿಸುತ್ತದೆ. ಕಾಲಕ್ರಮೇಣ ರಕ್ಷಣಾ ಕೋಶಗಳು ಕಾರ್ಟಿಸಾಲ್‌ನ ಮಾತು ಕೇಳದಂತಾದರೆ ಉರಿಯೂತ ಆರದೆ ಉಳಿಯುತ್ತದೆ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದವರ ಅಧ್ಯಯನದಲ್ಲಿ, ಬಾಲ್ಯದಲ್ಲಿ ದೌರ್ಜನ್ಯ ಕಂಡವರ ರಕ್ತದಲ್ಲಿ ವಯಸ್ಕರಾದ ಮೇಲೂ ಉರಿಯೂತದ ಗುರುತುಗಳು ಹೆಚ್ಚಿದ್ದವು.

ಇಂಥ ಅಧ್ಯಯನಗಳಿಗೆ ಕರ್ನಾಟಕದ ಅಮೂಲ್ಯ ಆಧಾರವೆಂದರೆ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. 1934ರಿಂದ ಶಿಶುಗಳ ಜನನ ತೂಕ ಬರೆದಿಟ್ಟ ದಾಖಲೆಗಳು ಅಲ್ಲಿವೆ. 1997–98ರಲ್ಲಿ ಅಲ್ಲೇ ಶುರುವಾದ ಪಾರ್ಥೆನಾನ್ ಎಂಬ ಅಧ್ಯಯನದ ಮಕ್ಕಳು ಹದಿಹರೆಯಕ್ಕೆ ಬಂದಾಗ, ಸಂಶೋಧಕರು ಅವರಿಂದ ಪರೀಕ್ಷಕರೆದುರು ಭಾಷಣ ಮಾಡಿಸಿ, ಬಾಯಿಲೆಕ್ಕ ಕೇಳಿ, ಎಂಜಲಿನ ಕಾರ್ಟಿಸಾಲನ್ನೂ ರಕ್ತದೊತ್ತಡವನ್ನೂ ಅಳೆದರು. ಗರ್ಭಿಣಿಯಾಗಿದ್ದಾಗ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಒತ್ತಡಕ್ಕೆ ಹೃದಯ-ರಕ್ತನಾಳಗಳ ಪ್ರತಿಕ್ರಿಯೆ ಹೆಚ್ಚು ತೀವ್ರವಾಗಿತ್ತು.

ಈ ಫಲಿತಾಂಶಗಳು ಸಂಭವವನ್ನಷ್ಟೇ ಸೂಚಿಸುತ್ತವೆ, ಹಣೆಬರಹವನ್ನಲ್ಲ. ತಾಯಿಯ ಒತ್ತಡ ಕೂಸಿಗೂ ತಟ್ಟಬಹುದಾದ್ದರಿಂದ ಬಾಣಂತಿಯ ಮನೋವ್ಯಥೆಗೆ ಬೇಗ ಚಿಕಿತ್ಸೆ ಕೊಡುವುದು ಮಗುವಿನ ಆರೈಕೆಯೂ ಹೌದು; ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇಂಥ ತಾಯಂದಿರನ್ನು ಕೂಸಿನೊಂದಿಗೇ ದಾಖಲಿಸಿಕೊಳ್ಳುವ ವಿಭಾಗವಿದೆ.