ನ್ಯಾಯವಾದಿಯ ವಚನಸೇವೆ: ಡಾ. ಫ. ಗು. ಹಳಕಟ್ಟಿಯವರ ಬಾಳಿನ ಮೂರು ಮುಖಗಳು

ಶಿವಶರಣರ ವಾಣಿಯು ಇಂದು ಕನ್ನಡಿಗರ ಮನೆಮನೆಯ ಸೊತ್ತಾಗಿದೆ. ಶಾಲೆಯ ಪಠ್ಯದಲ್ಲಿ, ಮಠದ ಪ್ರವಚನದಲ್ಲಿ, ವಿಶ್ವವಿದ್ಯಾಲಯದ ಸಂಶೋಧನ ಪ್ರಬಂಧದಲ್ಲಿ ಅದಕ್ಕೆ ಸಮಾನವಾದ ಮನ್ನಣೆಯಿದೆ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಥಿತಿ ಹೀಗಿರಲಿಲ್ಲ. ಅಲ್ಲೊಂದು ಇಲ್ಲೊಂದು ಸಂಕಲನ ಅಚ್ಚಾಗಿದ್ದರೂ ವಚನರಾಶಿಯ ಬಹುಭಾಗವು ತಾಡವೋಲೆಗಳಲ್ಲಿಯೂ ಕೈಬರೆಹದ ಕಟ್ಟುಗಳಲ್ಲಿಯೂ ಅಡಗಿತ್ತು. ಮನೆಗಳಲ್ಲಿ, ಮಠಗಳಲ್ಲಿ ಆ ಕಟ್ಟುಗಳಿಗೆ ಪೂಜೆ ಸಲ್ಲುತ್ತಿತ್ತು. ಬಿಚ್ಚಿ ಓದುವವರು ವಿರಳರಾಗಿದ್ದರು. ಪೂಜೆಯ ಜಗಲಿಯಿಂದ ಓದುಗನ ಕೈಗೆ ಅವುಗಳನ್ನು ತಂದವರಲ್ಲಿ ಅಗ್ರಗಣ್ಯರು ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

'ವಚನ ಪಿತಾಮಹ'ರೆಂದು ಅವರಿಗೆ ಕೈಮುಗಿದು ಸುಮ್ಮನಾಗುವುದು ವಾಡಿಕೆಯಾಗಿದೆ. ಆದರೆ ನ್ಯಾಯಾಲಯದ ವೃತ್ತಿಯಲ್ಲಿ ತೊಡಗಿದ್ದವರೊಬ್ಬರು ಇಂತಹ ವಿದ್ವತ್ಕಾರ್ಯವನ್ನು ಹೇಗೆ ಸಾಧಿಸಿದರೆಂಬುದು ವಿಚಾರಾರ್ಹವಾದ ಪ್ರಶ್ನೆ. ಅವರ ಜೀವನದಲ್ಲಿ ವಿದ್ಯಾದಾನ, ನ್ಯಾಯವಾದ, ಧರ್ಮಸೇವೆ ಎಂಬ ಮೂರು ಎಳೆಗಳು ಕೂಡಿಕೊಂಡಿವೆ. ಇವುಗಳಲ್ಲಿ ಒಂದನ್ನು ಬಿಟ್ಟರೂ ಅವರ ಸಾಧನೆಯ ಸ್ವರೂಪ ತಿಳಿಯದು.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ಹೀಗಾಗಿ ಅಕ್ಷರದ ಮೇಲಣ ಗೌರವವೂ ಕನ್ನಡದ ಅಭಿಮಾನವೂ ಮಗನಿಗೆ ಮನೆಯಲ್ಲಿಯೇ ದೊರೆತವು. ಮುಂದೆ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ ಪದವೀಧರರಾದರು. 1904ರಲ್ಲಿ ಕಾಯಿದೆಯ ಪದವಿಯನ್ನೂ ಪಡೆದರು. ಗುಜರಾತಿ ಮತ್ತು ಮರಾಠಿ ಭಾಷಿಕರು ತಮ್ಮ ನುಡಿಯ ಏಳಿಗೆಗಾಗಿ ಸಂಘ ಕಟ್ಟಿ, ಪತ್ರಿಕೆ ನಡೆಸಿ ದುಡಿಯುತ್ತಿದ್ದುದು ಮುಂಬಯಿಯಲ್ಲಿ ಅವರ ಕಣ್ಣಿಗೆ ಬಿದ್ದಿತು. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲವದು. ತಮ್ಮ ಜನ ಹಿಂದುಳಿದಿರುವರೆಂಬ ನೋವು ಅವರಲ್ಲಿ ಕಾರ್ಯಸಂಕಲ್ಪವಾಗಿ ಮಾರ್ಪಟ್ಟಿತು.

ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ನಡೆಸಿ ಅವರು ಬಿಜಾಪುರಕ್ಕೆ ಬಂದು ನೆಲೆಸಿದರು. ಇಂದು ವಿಜಯಪುರವೆಂದು ಕರೆಯಲ್ಪಡುವ ಆ ಊರೇ ಅವರ ಕರ್ಮಭೂಮಿಯಾಯಿತು. ಸರಕಾರಿ ವಕೀಲರಾಗಿಯೂ ಅವರು ಕೆಲಸ ಮಾಡಿದರು. ಮಳೆಯನ್ನು ನಂಬಿ ಬಾಳುವ, ಮೇಲಿಂದ ಮೇಲೆ ಬರಕ್ಕೆ ತುತ್ತಾಗುವ ಜಿಲ್ಲೆ ಅದು. ಅಲ್ಲಿ ಸಹಕಾರಿ ಸಂಸ್ಥೆಗಳನ್ನು ಕಟ್ಟುವುದರಲ್ಲಿ ಅವರು ಮುಂದಾದರು. ಮುಂಬಯಿ ಶಾಸನಸಭೆಯ ಸದಸ್ಯರೂ ಆದರು. ಕನ್ನಡ ನಾಡಿನ ಏಕೀಕರಣಕ್ಕಾಗಿ ದುಡಿದವರಲ್ಲಿಯೂ ಅವರ ಹೆಸರಿದೆ.

ಅವರ ವಿದ್ಯಾದಾನವು ಒಂದು ತರಗತಿಯ ಗೋಡೆಗಳೊಳಗೆ ನಡೆದುದಲ್ಲ. 1910ರಲ್ಲಿ ಬಿಜಾಪುರದಲ್ಲಿ ಸ್ಥಾಪಿತವಾದ ಬಿ.ಎಲ್.ಡಿ.ಇ. ಸಂಸ್ಥೆಗೆ ಅವರು ಮೂಲಪುರುಷರಲ್ಲೊಬ್ಬರು. ಹಳ್ಳಿಯ ಮಕ್ಕಳಿಗೆ ವಿದ್ಯೆ ದೊರೆಯಬೇಕೆಂದು ಹುಟ್ಟಿದ ಆ ಸಂಸ್ಥೆ ಇಂದು ವೈದ್ಯಕೀಯ, ತಾಂತ್ರಿಕ ಕಾಲೇಜುಗಳವರೆಗೆ ಹಬ್ಬಿದೆ. ತಂದೆ ತರಗತಿಯಲ್ಲಿ ಮಾಡಿದ ಕೆಲಸವನ್ನು ಮಗ ಸಂಸ್ಥೆಯ ಮೂಲಕ ಜಿಲ್ಲೆಗೂ ಪತ್ರಿಕೆಯ ಮೂಲಕ ನಾಡಿಗೂ ವಿಸ್ತರಿಸಿದರೆಂದರೆ ತಪ್ಪಾಗದು.

ಇನ್ನು ವಚನಸೇವೆ. ಓಲೆಗರಿಯ ಬರೆಹದಲ್ಲಿ ಪದಪದಗಳ ನಡುವೆ ತೆರಪಿಲ್ಲ, ವಿರಾಮ ಚಿಹ್ನೆಗಳಿಲ್ಲ. ಪ್ರತಿಕಾರನ ಕೈತಪ್ಪು ಮುಂದಿನ ಪ್ರತಿಗಳಿಗೂ ಇಳಿದು ಬರುತ್ತದೆ. ಹಲವು ಶರಣರ ವಚನಗಳು ಒಂದೇ ಕಟ್ಟಿನಲ್ಲಿ ಬೆರೆತಿರುತ್ತವೆ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ, ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತಗಳೇ ಕರ್ತೃವನ್ನು ಗುರುತಿಸುವ ಮುಖ್ಯ ಆಧಾರ. ಒಂದು ಪ್ರತಿಯ ಮಾತನ್ನು ಇನ್ನೊಂದು ಪ್ರತಿಯೊಡನೆ ಹೋಲಿಸಿ ನೋಡದೆ ನಿರ್ಣಯಕ್ಕೆ ಬರಲಾಗದು. ದಾಖಲೆಯನ್ನು ಅರಸುವುದು, ಸಾಕ್ಷಿಗೆ ಸಾಕ್ಷಿಯನ್ನು ತಾಳೆ ನೋಡುವುದು, ಚದುರಿದ ಸಂಗತಿಗಳನ್ನು ಶೀರ್ಷಿಕೆಗಳ ಅಡಿಯಲ್ಲಿ ಜೋಡಿಸುವುದು ನ್ಯಾಯವಾದಿಯ ನಿತ್ಯದ ಅಭ್ಯಾಸ. ವೃತ್ತಿಯ ಈ ಶಿಸ್ತು ಹಳಕಟ್ಟಿಯವರ ಸಂಪಾದನೆಯಲ್ಲಿಯೂ ಎದ್ದು ಕಾಣುತ್ತದೆ. 'ವಚನಶಾಸ್ತ್ರಸಾರ'ದಲ್ಲಿ ಅವರು ಹಲವು ಶರಣರ ವಚನಗಳನ್ನು ವಿಷಯಾನುಸಾರ ಕ್ರಮಗೊಳಿಸಿದರು. ವಚನಗಳು ಚೆಲ್ಲಾಪಿಲ್ಲಿಯಾದ ಸುಭಾಷಿತಗಳಲ್ಲ, ಅವುಗಳಲ್ಲೊಂದು ಶಾಸ್ತ್ರದ ವ್ಯವಸ್ಥೆಯಿದೆ ಎಂಬ ಅವರ ನಿಲುವನ್ನು ಗ್ರಂಥದ ಹೆಸರೇ ಸಾರುತ್ತದೆ.

ಆ ಗ್ರಂಥದ ಮುದ್ರಣದ ಕಥೆ ಪ್ರಸಿದ್ಧವಾದುದು. ಹಸ್ತಪ್ರತಿಯು ಮೊದಲು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಹೋಗಿ ಅಚ್ಚಾಗದೆ ಮರಳಿತು. ಕೊನೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ಮೊದಲ ಭಾಗವು ಬೆಳಕು ಕಂಡಿತು. ಅನ್ಯರ ಅಚ್ಚುಕೂಟವನ್ನು ನಂಬಿ ಕಾರ್ಯ ಸಾಗದೆಂದು ಮನಗಂಡ ಅವರು ತಮ್ಮ ಮನೆಯನ್ನೇ ಮಾರಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು. ವಕೀಲನಾದವನು ಸಂಪಾದಿಸಿ ಮನೆ ಕಟ್ಟುವುದು ಲೋಕರೂಢಿ. ಇವರು ಕಟ್ಟಿದ ಮನೆಯನ್ನು ಕಳೆದುಕೊಂಡು ಶರಣರ ಮಾತಿಗೆ ಮನೆ ಮಾಡಿಕೊಟ್ಟರು. ದಾಸೋಹವೆಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

1926ರಲ್ಲಿ 'ಶಿವಾನುಭವ' ಪತ್ರಿಕೆಯೂ 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆಯೂ ಆರಂಭವಾದವು. 1926ರಲ್ಲಿಯೇ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವು ಅವರಿಗೆ ಸಂದಿತು. 1930ರಲ್ಲಿ ಗೂಳೂರು ಸಿದ್ಧವೀರಣ್ಣೊಡೆಯರ 'ಶೂನ್ಯಸಂಪಾದನೆ'ಯನ್ನು ಅವರು ಪ್ರಕಟಿಸಿದರು. ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ಅನುವಾದಿಸಿ ವಿದ್ವತ್ ಪತ್ರಿಕೆಯಲ್ಲಿ ಬೆಳಕಿಗೆ ತಂದು ಹೊರನಾಡಿನ ಪಂಡಿತರ ಗಮನವನ್ನೂ ಸೆಳೆದಿದ್ದರು. ಅಂದು ಸುಮಾರು ಐವತ್ತು ವಚನಕಾರರ ಹೆಸರು ಮಾತ್ರ ತಿಳಿದಿತ್ತು. ಅವರ ಶೋಧನೆಯಿಂದ ಆ ಸಂಖ್ಯೆ ಇನ್ನೂರೈವತ್ತರ ಸಮೀಪಕ್ಕೆ ಏರಿತೆಂದು ಹೇಳಲಾಗುತ್ತದೆ.

ಈ ಸಂಪಾದನೆಗಳನ್ನು ಇಂದಿನ ಗ್ರಂಥಸಂಪಾದನ ಶಾಸ್ತ್ರದ ಒರೆಗೆ ಹಚ್ಚಿದರೆ ಕೊರತೆಗಳು ಕಾಣದಿರವು. ವಿಷಯಾನುಸಾರವಾಗಿ ವಿಂಗಡಿಸಿದಾಗ ಒಬ್ಬೊಬ್ಬ ವಚನಕಾರನ ವ್ಯಕ್ತಿತ್ವವು ಇಡಿಯಾಗಿ ಮೂಡದು. ಅನಂತರ ಬಂದ ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ, ಎಲ್. ಬಸವರಾಜು, ಎಂ. ಎಂ. ಕಲಬುರ್ಗಿ ಮೊದಲಾದ ವಿದ್ವಾಂಸರು ಪಾಠಶುದ್ಧಿಯ ಕಾರ್ಯವನ್ನು ಮುಂದುವರಿಸಿದರು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಆದರೆ ತಿದ್ದುವುದಕ್ಕೆ ಮೊದಲು ಪಾಠವೊಂದು ಕೈಯಲ್ಲಿರಬೇಕು. ಹುಳು ತಿನ್ನುತ್ತಿದ್ದ ಗರಿಗಳನ್ನು ಕಾಲವು ಕಾಯುತ್ತಿರಲಿಲ್ಲ. ಪರಿಪೂರ್ಣತೆಗಾಗಿ ಹಳಕಟ್ಟಿಯವರು ತಡೆದಿದ್ದರೆ ಪರಿಷ್ಕರಿಸಲು ಎಷ್ಟು ಉಳಿಯುತ್ತಿತ್ತೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಮನಗಾಣಬೇಕು. ಅವರ ಲೋಪಗಳನ್ನು ಕಾಣಬಲ್ಲ ಕಣ್ಣುಗಳು ತೆರೆದದ್ದೂ ಅವರು ಹಚ್ಚಿದ ದೀಪದ ಬೆಳಕಿನಲ್ಲಿಯೇ.

1956ರಲ್ಲಿ ಕನ್ನಡ ನಾಡು ಒಂದಾಯಿತು. ಅದೇ ವರ್ಷ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಿ.ಲಿಟ್. ಪದವಿಯನ್ನಿತ್ತು ಸನ್ಮಾನಿಸಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ಅವರ ಹೆಸರಿನ ಸಂಶೋಧನ ಕೇಂದ್ರವು ವಿಜಯಪುರದಲ್ಲಿದ್ದು ಅವರ ಸಮಗ್ರ ಸಾಹಿತ್ಯವನ್ನು ಸಂಪುಟಗಳಾಗಿ ಪ್ರಕಟಿಸಿದೆ.

ಶರಣಧರ್ಮದಲ್ಲಿ ಕಾಯಕ ಬೇರೆ, ಪೂಜೆ ಬೇರೆ ಎಂಬ ಭೇದವಿಲ್ಲ. ಹಳಕಟ್ಟಿಯವರ ವೃತ್ತಿಯು ಅವರ ವಚನಸೇವೆಗೆ ಶಿಸ್ತನ್ನೂ ಧನವನ್ನೂ ಒದಗಿಸಿತು. ಶಿಕ್ಷಕರ ಮನೆತನದ ಸಂಸ್ಕಾರವು ಆ ಸೇವೆಯ ಫಲವನ್ನು ಸರ್ವರಿಗೂ ಹಂಚುವ ಮನಸ್ಸನ್ನಿತ್ತಿತು. ನಮ್ಮ ಹಳ್ಳಿಗಳ ಮನೆಗಳಲ್ಲಿ, ಮಠಗಳಲ್ಲಿ ಇನ್ನೂ ಬಿಚ್ಚದ ಕಟ್ಟುಗಳಿದ್ದರೆ ಅವುಗಳಿಗೆ ಹೂವೇರಿಸಿದ ಮೇಲೆ ಒಮ್ಮೆ ಬಿಚ್ಚಿ ಓದಿಸುವುದೇ ಆ ಮಹನೀಯರಿಗೆ ಸಲ್ಲಿಸತಕ್ಕ ನಿಜವಾದ ಗೌರವ.