ಕಿಟ್ಟ ಮೆತ್ತಗಿರಲಿ: ಕರಿಮದ್ದಿನ ರಿವಾಲ್ವರ್ ಕಲಿಸಿದ ಪಾಠ

ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೇಪಿನ ಕೋವಿ ಹಿಡಿದವರಿಗೆ ಕಿಟ್ಟವೆಂದರೇನೆಂದು ಹೇಳಿಕೊಡಬೇಕಿಲ್ಲ. ನಾಲ್ಕು ಈಡು ಹೊಡೆದ ಮೇಲೆ ಕಡ್ಡಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ಆಡಿಸಿದರೆ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಮೆತ್ತಿಕೊಂಡು ಬರುತ್ತದೆ. ಒಂಟಿ ನಳಿಗೆಯ ಕೋವಿಯಲ್ಲಿ ಅದು ತುಂಬುವಾಗಿನ ತೊಡಕು. ಪ್ರತಿ ಗುಂಡಿಗೂ ಸಿಲಿಂಡರ್ ತಿರುಗಲೇಬೇಕಾದ ರಿವಾಲ್ವರ್‌ನಲ್ಲಿ ಅದೇ ಕಿಟ್ಟ ಯಂತ್ರವನ್ನೇ ಬಿಗಿಹಿಡಿದು ನಿಲ್ಲಿಸುತ್ತದೆ. ಸಾಮ್ಯುಯೆಲ್ ಕೋಲ್ಟ್ 1836ರಲ್ಲಿ ತನ್ನ ರಿವಾಲ್ವರ್‌ಗೆ ಅಮೆರಿಕದ ಪೇಟೆಂಟ್ ಪಡೆದಂದಿನಿಂದ ಇಂದಿನ ಗುರಿಕಾರರವರೆಗೆ ಎಲ್ಲರೂ ಇದರೊಡನೆ ಹೆಣಗಿದ್ದಾರೆ.

ದೋಷ ಮದ್ದಿನ ಹುಟ್ಟಿನಲ್ಲೇ ಇದೆ. ಕರಿಮದ್ದೆಂದರೆ ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ. ಅದು ಉರಿದಾಗ ಏನೇನು ಉಳಿಯುತ್ತದೆಂದು ಬ್ರಿಟನ್ನಿನ ಆಂಡ್ರ್ಯೂ ನೋಬಲ್ ಮತ್ತು ಫ್ರೆಡರಿಕ್ ಏಬಲ್ ಅಳೆದು 1875ರಲ್ಲಿ ಪ್ರಕಟಿಸಿದರು. ತೂಕದ ಸುಮಾರು 43 ಪಾಲು ಮಾತ್ರ ಅನಿಲವಾಗುತ್ತದೆ, ಉಳಿದ 57 ಪಾಲು ಘನವಾಗಿಯೇ ಉಳಿಯುತ್ತದೆ. ಅದರಲ್ಲಿ ಹೆಚ್ಚಿನದು ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್. ಒಂದಷ್ಟು ಹೊಗೆಯೊಡನೆ ಹಾರಿಹೋಗುತ್ತದೆ, ಮಿಕ್ಕಿದ್ದು ಲೋಹಕ್ಕೆ ಅಂಟುತ್ತದೆ. ತೇವದ ಗಾಳಿಯಲ್ಲಿ ಇದು ಜಿಡ್ಡಿನಂತೆ ಮೆತ್ತಗಿರುತ್ತದೆ, ಒಣ ಬಿಸಿಲಿನಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಸಿಲಿಂಡರ್‌ಗೂ ನಳಿಗೆಗೂ ನಡುವಿನ ಸಂದಿನಿಂದ ಚಿಮ್ಮುವ ಅನಿಲ ಈ ಕಿಟ್ಟವನ್ನು ಸಿಲಿಂಡರ್‌ನ ಮುಖಕ್ಕೂ ಅದು ತಿರುಗುವ ಅಚ್ಚಿಗೂ ಬಳಿಯುತ್ತದೆ.

ಮೊದಲ ಉತ್ತರ ಬಂದದ್ದು ಲೋಹದ ಕೆಲಸದಿಂದ. ಕೋಲ್ಟ್‌ನ 1851ರ ನೇವಿ ಮಾದರಿಯಲ್ಲಿ ಅಚ್ಚು ದಪ್ಪ, ಅದರ ಮೈತುಂಬ ಸುರುಳಿ ಗೀರು. ಗೀರಿನಲ್ಲಿ ಕೊಬ್ಬು ನಿಲ್ಲುತ್ತದೆ, ಕೆರೆದುಬಂದ ಕಿಟ್ಟಕ್ಕೂ ಅಲ್ಲೇ ಜಾಗ. 1858ರ ಪೇಟೆಂಟಿನ ರೆಮಿಂಗ್ಟನ್ನಿನ ಚೌಕಟ್ಟು ಹೆಚ್ಚು ಗಟ್ಟಿ, ಆದರೆ ಅಚ್ಚು ತೆಳು, ನುಣುಪು. ಹಾಗಾಗಿ ಅದು ಬೇಗ ಬಿಗಿಯುತ್ತಿತ್ತು. ಅಚ್ಚನ್ನು ಎಳೆದರೆ ಸಿಲಿಂಡರ್ ಸಲೀಸಾಗಿ ಕೈಗೆ ಬರುತ್ತಿದ್ದುದರಿಂದ ಒರೆಸುವುದೂ ಅಷ್ಟೇ ಸುಲಭವಾಗಿತ್ತು. 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯಲ್ಲಿ ಸಿಲಿಂಡರ್‌ನ ಮುಂದೆ ಚಾಚಿದ ಬಳೆಯೊಂದು ಅನಿಲವನ್ನು ಅಚ್ಚಿನಿಂದ ಆಚೆಗೆ ತಿರುಗಿಸಿತು. ಆ ಕಾಲದ ಅತ್ಯಂತ ಜಾಣ ಪರಿಹಾರ ಇದೇ ಎಂದು ನನ್ನ ಎಣಿಕೆ.

ಎರಡನೆಯ ಉತ್ತರ ಕೊಬ್ಬು. ಗುಂಡಿನ ಮೇಲೆ ಬಳಿದ ಕುರಿ ಕೊಬ್ಬು, ಜೇನುಮೇಣ ಕಿಟ್ಟವನ್ನು ಮೆತ್ತಗಿಡುತ್ತವೆಂಬುದು ಬಂದೂಕಿನವರಿಗೆ ಮೊದಲೇ ತಿಳಿದಿತ್ತು. ಎನ್‌ಫೀಲ್ಡ್ ಬಂದೂಕಿನ ತೋಟಾಗಳಿಗೆ ಕೊಬ್ಬು ಸವರಿದ್ದು ಗುಂಡು ಸಲೀಸಾಗಿ ಇಳಿಯಲಿ, ಕಿಟ್ಟ ಕಟ್ಟದಿರಲಿ ಎಂದೇ. ಅದು ಯಾವ ಪ್ರಾಣಿಯದೆಂಬ ಪ್ರಶ್ನೆ 1857ರಲ್ಲಿ ನಮ್ಮ ನೆಲದಲ್ಲಿ ಹೊತ್ತಿಸಿದ ಕಿಡಿ ಎಲ್ಲರಿಗೂ ಗೊತ್ತು. ರಿವಾಲ್ವರ್‌ನಲ್ಲಿ ಗುಂಡಿನ ಮೇಲಿನ ಕೊಬ್ಬಿಗೆ ಒಂದು ಕುಂದಿತ್ತು. ಒಂದು ಗುಂಡು ಹಾರುತ್ತಲೇ ಸಿಲಿಂಡರ್‌ನ ಪಕ್ಕದ ಕೋಣೆಗಳ ಕೊಬ್ಬು ಕರಗಿ ಹಾರಿಹೋಗುತ್ತಿತ್ತು. ಕೊಬ್ಬು, ಮೇಣದಲ್ಲಿ ಅದ್ದಿದ ಉಣ್ಣೆಯ ಬಿಲ್ಲೆಯನ್ನು ಮದ್ದಿಗೂ ಗುಂಡಿಗೂ ನಡುವೆ ಇಡುವ ಪದ್ಧತಿ ಆ ಕುಂದನ್ನು ನೀಗಿತು. ಬಿಲ್ಲೆ ಹೋಗುವ ದಾರಿಯಲ್ಲೇ ನಳಿಗೆಯನ್ನು ಒರೆಸಿಕೊಂಡು ಹೋಗುತ್ತದೆ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಸೈನ್ಯಗಳಿಗೆ ಈ ಚಿಂತೆ ತಪ್ಪಿತು, ಕೈಯನುಭವವೂ ಮರೆತುಹೋಯಿತು. 1950ರ ದಶಕದ ಕೊನೆಗೆ ಇಟಲಿಯ ಗಾರ್ದೋನೆ ವಾಲ್ ತ್ರೋಂಪಿಯಾದಲ್ಲಿ ಹಳೆಯ ಕೋಲ್ಟ್‌ಗಳ ಪ್ರತಿಕೃತಿಗಳು ತಯಾರಾಗತೊಡಗಿದಾಗ ಹವ್ಯಾಸಿಗಳು ಪಾಠವನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಕೈಗೆ ಸಿಕ್ಕ ಪೆಟ್ರೋಲಿಯಂ ಎಣ್ಣೆ, ಗ್ರೀಸ್ ಬಳಿದವರಿಗೆ ಸಿಕ್ಕಿದ್ದು ಡಾಂಬರಿನಂತಹ ಗಟ್ಟಿ ಕಿಟ್ಟ. ಹಾಗಾಗಿ ಅವರೂ ಪ್ರಾಣಿಗಳ ಕೊಬ್ಬಿಗೆ, ಸಸ್ಯದ ಎಣ್ಣೆಗೆ, ಜೇನುಮೇಣಕ್ಕೆ ಮರಳಿದರು.

ಮೂರನೆಯ ದಾರಿ ಮದ್ದನ್ನೇ ಬದಲಿಸುವುದು. 1970ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಪೈರೋಡೆಕ್ಸ್ ಕಡಿಮೆ ಕಿಟ್ಟ ಬಿಡುತ್ತದೆ. ಆದರೆ ಅದರಲ್ಲಿನ ಪರ್ಕ್ಲೋರೇಟ್ ಉರಿದು ಉಳಿಯುವ ಕ್ಲೋರೈಡ್ ಉಕ್ಕನ್ನು ತಿನ್ನುತ್ತದೆ. ಈ ಶತಮಾನದ ಆರಂಭದ ಟ್ರಿಪಲ್ ಸೆವೆನ್‌ನಲ್ಲಿ ಗಂಧಕವೇ ಇಲ್ಲ, ಕೊಳೆತ ಮೊಟ್ಟೆಯ ವಾಸನೆಯೂ ಇಲ್ಲ. ಹಾಗೆಂದು ತೊಳೆಯುವ ಕೆಲಸ ತಪ್ಪಲಿಲ್ಲ. ಅಸಲಿ ಕರಿಮದ್ದನ್ನೇ ನೆಚ್ಚಿದವರು ಒಳ್ಳೆಯ ಇದ್ದಿಲಿನ, ಮೆತ್ತನೆಯ ಕಿಟ್ಟ ಬಿಡುವ ಸ್ವಿಸ್ ಮದ್ದನ್ನು ಮೆಚ್ಚುತ್ತಾರೆ.

ಇಷ್ಟೂ ಪ್ರಯತ್ನಗಳನ್ನು ಒಟ್ಟಿಗೆ ನೋಡಿದರೆ ತೀರ್ಪು ಸ್ಪಷ್ಟ. ಕಿಟ್ಟವನ್ನು ಇಲ್ಲವಾಗಿಸಲು ಹೊರಟವರಿಗಿಂತ ಅದು ಗಟ್ಟಿಯಾಗದಂತೆ ನೋಡಿಕೊಂಡವರೇ ಗೆದ್ದಿದ್ದಾರೆ. ಕೊನೆಯ ಮಾತು ನೀರಿನದು. ಕಿಟ್ಟದಲ್ಲಿನ ಲವಣಗಳೆಲ್ಲ ನೀರಿನಲ್ಲಿ ಕರಗುತ್ತವೆ. ಮನೆಯಲ್ಲಿ ಪರವಾನಗಿಯ ಕೇಪಿನ ಕೋವಿ ಇರುವವರಿಗೂ ಸಲ್ಲುವ ಮಾತಿದು: ಕೋವಿಯಲ್ಲಿ ಮದ್ದಿಲ್ಲವೆಂದು ಖಚಿತಪಡಿಸಿಕೊಂಡು, ಈಡು ಹೊಡೆದ ದಿನವೇ ಬಿಸಿ ಸೋಪುನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಎಣ್ಣೆ ಸವರಿ. ನಾಳೆಗೆ ಬಿಟ್ಟರೆ ಕಿಟ್ಟ ತೇವ ಹೀರಿ ತುಕ್ಕಿಗೆ ದಾರಿ ಮಾಡುತ್ತದೆ.